ಫ್ಯೂಸ್ ದೊಡ್ಡದು ಮಾಡಬೇಡಿ, ತಪ್ಪು ಹುಡುಕಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಚಾಟಣಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ದ್ರಾಕ್ಷಿ ಪಡಗಳಲ್ಲಿ ಔಷಧಿ ಹೊಡೆಯುವ ಕೆಲಸ ಬಿರುಸಾಯಿತೆಂದರೆ ವಿಜಯಪುರ ಜಿಲ್ಲೆಯ ಆಟೊ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಸಣ್ಣ ಟ್ರ್ಯಾಕ್ಟರ್‌ಗಳು ಬಂದು ನಿಲ್ಲತೊಡಗುತ್ತವೆ. ದೂರು ಒಂದೇ: ‘ಫ್ಯೂಸ್ ನಿಲ್ಲವಲ್ದ್ರೀ, ಹಾಕಿದ್ಹಂಗ ಹೋಗ್ತಾವು.’ ಗಾಳಿ ಇಲ್ಲದ ಹೊತ್ತು ನೋಡಿ ನಸುಕಿನಲ್ಲೋ ರಾತ್ರಿಯೋ ಔಷಧಿ ಹೊಡೆಯಬೇಕಾದವರಿಗೆ ಹೆಡ್‌ಲೈಟ್ ಇಲ್ಲದೆ ಕೆಲಸ ನಡೆಯದು. ಹಾಗಾಗಿ 10 ಆಂಪಿಯರ್ ಫ್ಯೂಸ್ ಹೋದರೆ 15 ಹಾಕುತ್ತಾರೆ, ಅದೂ ಹೋದರೆ 20, ಆಮೇಲೆ 30. ಕೊನೆಗೆ ಸಿಗರೇಟ್ ಪ್ಯಾಕಿನ ಬೇಗಡೆಯೋ ತಾಮ್ರದ ಎಳೆಯೋ ಸುತ್ತಿ ಹೊರಡುತ್ತಾರೆ. ಅಲ್ಲಿಗೆ ಫ್ಯೂಸ್ ಹೋಗುವುದು ನಿಲ್ಲುತ್ತದೆ, ವೈರಿಂಗ್ ಸುಡುವುದು ಶುರುವಾಗುತ್ತದೆ. ಹತ್ತು ರೂಪಾಯಿಯೊಳಗಿನ ಫ್ಯೂಸ್‌ನ ಜಾಗದಲ್ಲಿ ಇಡೀ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಬದಲಿಸುವ ಪಾಳಿ ಬರುತ್ತದೆ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ, ದಾವಣಗೆರೆ–ಶಿವಮೊಗ್ಗದ ಅಡಿಕೆ ತೋಟಗಳಲ್ಲಿ, ಚಿತ್ರದುರ್ಗದ ದಾಳಿಂಬೆ ಸಾಲುಗಳಲ್ಲಿ ಇಂಥದೇ 15ರಿಂದ 30 ಎಚ್‌ಪಿಯ ಗಾಡಿಗಳು ಓಡುತ್ತಿರುವುದರಿಂದ ನಿಮ್ಮ ಪತ್ರಿಕೆಯ ಮೂಲಕ ಇದನ್ನು ವಿವರವಾಗಿ ಹೇಳಬೇಕೆನಿಸಿ ಈ ಪತ್ರ.

ಫ್ಯೂಸ್ ಇರುವುದು ಬಲ್ಬನ್ನೋ ಹಾರ್ನನ್ನೋ ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಸಣ್ಣ ಟ್ರ್ಯಾಕ್ಟರ್‌ನ 12 ವೋಲ್ಟ್ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಅದರ ಪ್ಲಸ್ ನೇರವಾಗಿ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ತಾಗಿದರೆ ನೂರಾರು ಆಂಪಿಯರ್ ಕರೆಂಟ್ ಹರಿಯುತ್ತದೆ. ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟರನ್ನು ತಿರುಗಿಸುವ ಬಲ ಅದೇ ತಾನೆ. ಆ ಕರೆಂಟ್ ಹೆಬ್ಬೆರಳು ದಪ್ಪದ ಸೆಲ್ಫ್ ಕೇಬಲ್‌ನಲ್ಲಿ ಹರಿದರೆ ತೊಂದರೆಯಿಲ್ಲ. ಹೆಡ್‌ಲೈಟಿನ 1.5 ಚದರ ಮಿ.ಮೀ. ವೈರಿನಲ್ಲಿ ಹರಿದರೆ ಅದು ಕೆಲವೇ ಸೆಕೆಂಡಿನಲ್ಲಿ ಕೆಂಪಗೆ ಕಾಯುತ್ತದೆ. ಹಾಗಾಗಿ ಫ್ಯೂಸ್‌ನ ಅಳತೆ ವೈರಿನ ದಪ್ಪಕ್ಕೆ ತಕ್ಕಂತಿರುತ್ತದೆ. 1 ಚದರ ಮಿ.ಮೀ. ವೈರಿಗೆ 10 ಆಂಪಿಯರ್, 1.5ಕ್ಕೆ 15, 2.5ಕ್ಕೆ 20 ಅಂತ ಲೆಕ್ಕ ಹಿಡಿದರೆ ಮೋಸವಿಲ್ಲ. ವೈರ್ ಅದೇ ಇಟ್ಟು ಫ್ಯೂಸ್ ಮಾತ್ರ 30ಕ್ಕೆ ಏರಿಸಿದರೆ, ಫ್ಯೂಸ್‌ಗಿಂತ ಮೊದಲು ಕರಗಬೇಕಾದದ್ದು ವೈರ್ ಎಂದು ನಾವೇ ತೀರ್ಮಾನ ಮಾಡಿದಂತೆ.

ತಾಮ್ರದ ಎಳೆಯ ಲೆಕ್ಕವೂ ಕೇಳಿ. 0.3 ಮಿ.ಮೀ. ದಪ್ಪದ ಒಂದು ಎಳೆ ಕರಗಲು ಸುಮಾರು 13 ಆಂಪಿಯರ್ ಬೇಕು. ಅಂಥ ಮೂರು ಎಳೆ ಸೇರಿಸಿ ತಿರುವಿದರೆ 40ರ ಆಸುಪಾಸು. ಫ್ಯೂಸ್‌ನ ಎರಡು ಕಾಲಿನ ನಡುವೆ ಗಿಡ್ಡಾಗಿ ಸುತ್ತಿದಾಗ ಕಾಲುಗಳೇ ಶಾಖ ಹೀರಿಕೊಳ್ಳುವುದರಿಂದ ಇನ್ನೂ ಹೆಚ್ಚು ಬೇಕಾಗುತ್ತದೆ. ಅಷ್ಟರೊಳಗೆ 1.5ರ ವೈರಿನ ಪಿವಿಸಿ ಹೊದಿಕೆ ಮೆತ್ತಗಾಗಿ ಪಕ್ಕದ ವೈರಿಗೆ ಅಂಟಿಕೊಂಡು, ಒಂದು ಲೈನಿನ ತಪ್ಪು ಐದು ಲೈನಿಗೆ ಹಬ್ಬುತ್ತದೆ. ಡೀಸೆಲ್ ಜಿನುಗಿದ ಎಂಜಿನ್ ಮೇಲೆ, ಹಿಂದೆ ಒಣ ಕಣಿಕೆಯೋ ಕಬ್ಬಿನ ರವದಿಯೋ ತುಂಬಿದ ಟ್ರೇಲರ್ ಇಟ್ಟುಕೊಂಡು ಇದನ್ನು ಮಾಡುವುದು ಯಾವ ಅವಸರಕ್ಕೂ ತಕ್ಕುದಲ್ಲ.

ಸುಟ್ಟ ಫ್ಯೂಸನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಅರ್ಧ ಉತ್ತರ ಅಲ್ಲೇ ಇದೆ. ಒಳಗಿನ ಲೋಹದ ಪಟ್ಟಿ ಚೂರಿಲ್ಲದಂತೆ ಹಾರಿ, ಪ್ಲಾಸ್ಟಿಕ್ ಒಳಗಡೆ ಕಪ್ಪು ಮಸಿಯೋ ಬೆಳ್ಳಿ ಬಣ್ಣದ ಲೇಪವೋ ಬಂದಿದ್ದರೆ ಅದು ನೇರ ಶಾರ್ಟ್; ವೈರ್ ಎಲ್ಲೋ ಗಾಡಿಯ ಮೈಗೆ ತಾಗಿ ಕೂತಿದೆ. ಪಟ್ಟಿ ನಡುವೆ ಸಣ್ಣಗೆ ಕರಗಿ, ಎರಡು ತುದಿ ಹನಿ ಕಟ್ಟಿದಂತೆ ಉಳಿದು, ಪ್ಲಾಸ್ಟಿಕ್ ತಿಳಿಯಾಗಿಯೇ ಇದ್ದರೆ ಅದು ಓವರ್‌ಲೋಡ್. ಲೈನಿಗೆ ಹೊರಲಾರದಷ್ಟು ಸಾಮಾನು ಜೋಡಿಸಿದ್ದೀರಿ. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಪಟ್ಟಿಯ ನಡುಭಾಗ ಸರಿ ಇದ್ದು ಕಾಲಿನ ಬುಡದ ಪ್ಲಾಸ್ಟಿಕ್ ಕರಗಿ ಕಂದಾಗಿರುತ್ತದೆ. ಇದರಲ್ಲಿ ಕರೆಂಟ್ ಹೆಚ್ಚಾಗಿಲ್ಲ, ಫ್ಯೂಸ್ ಬಾಕ್ಸಿನ ಹಿಡಿಕೆ ಸಡಿಲವಾಗಿ ಅಲ್ಲೇ ಕಾದಿದೆ. ಇಂಥ ಕಡೆ ಎಷ್ಟು ಫ್ಯೂಸ್ ಬದಲಿಸಿದರೂ ಅಷ್ಟೇ, ಬದಲಿಸಬೇಕಾದದ್ದು ಒಳಗಿನ ಹಿತ್ತಾಳೆ ಕ್ಲಿಪ್ಪನ್ನು. ಫ್ಯೂಸ್ ಕೂರಿಸಿದಾಗ ಬಿಗಿಯಾಗಿ ಹಿಡಿಯಬೇಕು. ಎರಡು ಬೆರಳಲ್ಲಿ ಸಲೀಸಾಗಿ ಬಂದುಬಿಟ್ಟರೆ ಕ್ಲಿಪ್ ಸತ್ತಿದೆ ಎಂದು ತಿಳಿಯಿರಿ.

ಬಣ್ಣವನ್ನೂ ನೆನಪಿಡಬೇಕು. ಬ್ಲೇಡ್ ಫ್ಯೂಸ್‌ಗಳಲ್ಲಿ 7.5 ಆಂಪಿಯರ್ ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಿಳಿ, 30 ಹಸಿರು. ಕೆಂಪು ಇರಬೇಕಾದ ಮನೆಯಲ್ಲಿ ಹಸಿರು ಕೂತಿದ್ದರೆ ಹಿಂದೆ ಯಾರೋ ತಪ್ಪನ್ನು ಮುಚ್ಚಿಟ್ಟು ಹೋಗಿದ್ದಾರೆ ಎಂದರ್ಥ. ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಟೈರ್ ನೋಡುವ ಮುಂಚೆ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು.

ಇನ್ನು ಯಾವಾಗ ಹೋಗುತ್ತದೆ ಎಂಬುದು. ಅಂಗಡಿಗೆ ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಮನೆಯಲ್ಲಿ ನೀವೇ ಕೇಳಿಕೊಂಡರೂ ಅರ್ಧ ಕೆಲಸ ಹಗುರ. ಕೀ ಆಫ್ ಇದ್ದಾಗಲೇ, ಫ್ಯೂಸ್ ಕೂರಿಸಿದ ಕ್ಷಣವೇ ಹೋದರೆ ತಪ್ಪು ಇರುವುದು ಸದಾ ಕರೆಂಟ್ ಇರುವ ಲೈನಿನಲ್ಲಿ. ಕೀ ಆನ್ ಮಾಡಿದಾಗ ಹೋದರೆ ಮೀಟರ್ ಬೋರ್ಡು, ಎಂಜಿನ್ ನಿಲ್ಲಿಸುವ ಸ್ಟಾಪ್ ಸೋಲೆನಾಯ್ಡ್, ಹೀಟರ್ ಪ್ಲಗ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್–ಆಫ್ ಮಾಡುವ ಸ್ವಿಚ್) ಕಡೆ ನೋಡಬೇಕು. ಲೈಟ್ ಸ್ವಿಚ್ ಹಾಕಿದ ತಕ್ಷಣ ಹೋದರೆ ಲೈಟ್ ಲೈನಿನ ಶಾರ್ಟ್. ಹತ್ತು ನಿಮಿಷ ಉರಿದು ಆಮೇಲೆ ಹೋದರೆ ಶಾರ್ಟ್ ಅಲ್ಲ, ಲೋಡ್ ಜಾಸ್ತಿ. ಬದು ಹತ್ತಿ ಇಳಿಯುವಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹೈಡ್ರಾಲಿಕ್ ಎತ್ತಿದಾಗ ಮಾತ್ರ ಹೋದರೆ ವೈರ್ ಎಲ್ಲೋ ಉಜ್ಜುತ್ತಿದೆ. ಗಾಡಿ ತೊಳೆದ ಮರುದಿನ ಹೋದರೆ ವೈರುಗಳನ್ನು ಜೋಡಿಸುವ ಕಪ್ಲರ್‌ನೊಳಗೆ ನೀರು. ಟ್ರೇಲರ್ ಸಿಕ್ಕಿಸಿದಾಗ ಮಾತ್ರ ಹೋದರೆ ಟ್ರ್ಯಾಕ್ಟರನ್ನು ಬಿಚ್ಚುವ ಅಗತ್ಯವೇ ಇಲ್ಲ.

ಈ ಹತ್ತು ನಿಮಿಷದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 10 ಆಂಪಿಯರ್ ಫ್ಯೂಸ್ ಅಂದರೆ 10 ದಾಟಿದ ಕೂಡಲೇ ಹೋಗುತ್ತದೆ ಎಂದಲ್ಲ. ಬ್ಲೇಡ್ ಫ್ಯೂಸ್ ತನ್ನ ಅಳತೆಗಿಂತ ಶೇ 10 ಹೆಚ್ಚಿನ ಕರೆಂಟನ್ನು ಗಂಟೆಗಟ್ಟಲೆ ಹೊರುತ್ತದೆ. ಶೇ 35 ಹೆಚ್ಚಾದರೆ ಹತ್ತು ನಿಮಿಷದೊಳಗೆ ಯಾವಾಗ ಬೇಕಾದರೂ ಹೋಗಬಹುದು. ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ. ಈಗ ಹೆಡ್‌ಲೈಟ್ ನೋಡಿ. ಕಂಪನಿಯಿಂದ ಬರುವ 55 ವಾಟ್‌ನ ಎರಡು ಬಲ್ಬ್ ಸೇರಿ 110 ವಾಟ್. 12ರಿಂದ ಭಾಗಿಸಿದರೆ 9.2 ಆಂಪಿಯರ್. 15ರ ಫ್ಯೂಸ್ ಆರಾಮಾಗಿ ಹೊರುತ್ತದೆ. ಬೆಳಕು ಸಾಲದೆಂದು ಅದೇ ಹೋಲ್ಡರಿಗೆ 100 ವಾಟ್‌ನ ಜೋಡಿ ಹಾಕಿದರೆ 200 ವಾಟ್, ಅಂದರೆ 16.7 ಆಂಪಿಯರ್. ಎಂಜಿನ್ ಓಡುವಾಗ ವೋಲ್ಟೇಜ್ 14ಕ್ಕೆ ಏರುವುದರಿಂದ 18ರ ಹತ್ತಿರ. ಫ್ಯೂಸ್ ಸ್ವಲ್ಪ ಹೊತ್ತು ತಾಳುತ್ತದೆ, ಬಾಕ್ಸ್ ಕಾದ ಮೇಲೆ ಕೈ ಬಿಡುತ್ತದೆ. ಅಷ್ಟರಲ್ಲಿ ಲೈಟ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟೂ ಬಲ್ಬ್ ಹೋಲ್ಡರಿನ ಪ್ಲಾಸ್ಟಿಕ್ಕೂ ಬೆಂದಿರುತ್ತವೆ. ನಿಯಮ ಇಷ್ಟೇ: ಲೈನಿನ ಎಲ್ಲ ವಾಟ್ ಕೂಡಿಸಿ 12ರಿಂದ ಭಾಗಿಸಿ, ಬಂದ ಆಂಪಿಯರ್ ಫ್ಯೂಸಿನ ಮುಕ್ಕಾಲು ಭಾಗ ದಾಟಬಾರದು.

ಬಾನೆಟ್ ಮೇಲೆ ಕೂರಿಸುವ ಎಲ್‌ಇಡಿ ಬಾರ್, ಸ್ಪ್ರೇಯರ್‌ನ ಎಡ–ಬಲ ಬೂಮಿನ ಎಲೆಕ್ಟ್ರಿಕ್ ವಾಲ್ವ್, ಮಡ್‌ಗಾರ್ಡ್ ಮೇಲಿನ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಇವೆಲ್ಲ ಸಾಮಾನ್ಯವಾಗಿ ಹೆಡ್‌ಲೈಟ್ ವೈರನ್ನೇ ಸುಲಿದು ಅಲ್ಲಿಂದಲೇ ಕರೆಂಟ್ ಎಳೆದುಕೊಂಡಿರುತ್ತವೆ. 120 ವಾಟ್‌ನ ಬಾರ್ ಒಂದೇ 10 ಆಂಪಿಯರ್. 240 ವಾಟ್ ನಿಜವಾಗಿ ಎಳೆಯುವ ಆಂಪ್ಲಿಫೈಯರ್ 20 ಆಂಪಿಯರ್. ಸಣ್ಣ ಟ್ರ್ಯಾಕ್ಟರ್‌ನ ಕರೆಂಟ್ ತಯಾರಿಸುವ ಆಲ್ಟರ್ನೇಟರೇ 36 ಆಂಪಿಯರಿನದ್ದಾಗಿದ್ದರೆ ಅದು ಬ್ಯಾಟರಿ ತುಂಬುವುದು ಯಾವಾಗ? ಹೊಸ ಸಾಮಾನು ಹಾಕಲೇಬೇಕೆಂದಿದ್ದರೆ ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಯಿರಿ. 120 ವಾಟ್ ಬಾರಿಗಾದರೆ 2.5 ಚದರ ಮಿ.ಮೀ. ವೈರ್, ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್, ಅಲ್ಲಿಂದ 12 ವೋಲ್ಟ್ 30 ಆಂಪಿಯರ್‌ನ ನಾಲ್ಕು ಪಿನ್ ರಿಲೇ. ರಿಲೇಯ 30ನೇ ಪಿನ್ನಿಗೆ ಫ್ಯೂಸಿನಿಂದ ಬಂದ ವೈರ್, 87ಕ್ಕೆ ಲೈಟಿಗೆ ಹೋಗುವ ವೈರ್, 86ಕ್ಕೆ ಸ್ವಿಚ್ಚಿನ ವೈರ್, 85ಕ್ಕೆ ಅರ್ಥ್ (ಗಾಡಿಯ ಕಬ್ಬಿಣದ ಮೈಗೆ ಹೋಗುವ ವೈರ್). ರಿಲೇಯ ಕಾಯಿಲ್ ಎಳೆಯುವುದು ಕಾಲು ಆಂಪಿಯರಿಗಿಂತ ಕಡಿಮೆ, ಹಾಗಾಗಿ ಹಳೆಯ ಸ್ವಿಚ್ಚಿಗೂ ಹಳೆಯ ಫ್ಯೂಸಿಗೂ ಹೊರೆಯಾಗುವುದಿಲ್ಲ. ಫ್ಯೂಸನ್ನು ಲೈಟಿನ ಹತ್ತಿರ ಇಡುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ, ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರಿಗೆ ಕಾವಲೇ ಇಲ್ಲದಂತಾಗುತ್ತದೆ.

ಲೋಡ್ ಸರಿ ಇದೆ, ಆದರೂ ಹಾಕಿದ ಕೂಡಲೇ ಹೋಗುತ್ತದೆ ಎಂದಾದರೆ ಶಾರ್ಟ್ ಹುಡುಕಬೇಕು. ಇಲ್ಲಿಯೇ ಜನ ಡಬ್ಬಿಗಟ್ಟಲೆ ಫ್ಯೂಸ್ ಸುಡುತ್ತಾರೆ. ಒಂದು ವೈರ್ ಅಲುಗಾಡಿಸಿ ಹೊಸ ಫ್ಯೂಸ್, ಇನ್ನೊಂದು ಅಲುಗಾಡಿಸಿ ಮತ್ತೊಂದು. ಅದರ ಬದಲು ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವಾಟ್‌ನ ಒಂದು ಬಲ್ಬ್, ಅದರ ಹೋಲ್ಡರ್, ಒಂದೊಂದು ಮೊಳದ ಎರಡು ವೈರ್, ತುದಿಗೆ ಫ್ಯೂಸ್ ಮನೆಯಲ್ಲಿ ಕೂರುವಂಥ ಎರಡು ಚಪ್ಪಟೆ ಪಿನ್ ತೆಗೆದುಕೊಳ್ಳಿ. ಸುಟ್ಟ ಫ್ಯೂಸಿನ ಕಾಲುಗಳಿಗೇ ವೈರ್ ಬೆಸುಗೆ ಹಾಕಿಕೊಂಡರೂ ಆಯಿತು. ಈ ಬಲ್ಬನ್ನು ಫ್ಯೂಸಿನ ಜಾಗದಲ್ಲಿ ಕೂರಿಸುವುದೇ ಉಪಾಯ. ಮುಂದೆ ಎಷ್ಟೇ ಕೆಟ್ಟ ಶಾರ್ಟ್ ಇದ್ದರೂ ಬಲ್ಬಿನ ಮೂಲಕ ಹರಿಯುವುದು ಹೆಚ್ಚೆಂದರೆ 1.75 ಆಂಪಿಯರ್. ವೈರ್ ಸುಡುವುದಿಲ್ಲ, ಫ್ಯೂಸ್ ಹಾಳಾಗುವುದಿಲ್ಲ, ಮತ್ತು ಶಾರ್ಟ್ ಇರುವಷ್ಟು ಹೊತ್ತೂ ಬಲ್ಬ್ ಉರಿದು ತೋರಿಸುತ್ತಿರುತ್ತದೆ.

ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಪ್ಲಸ್ ಮೊದಲು ತೆಗೆಯಲು ಹೋಗಿ ಸ್ಪ್ಯಾನರ್ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿ ಕುದಿಯುತ್ತಿದ್ದ ಹೊತ್ತಾದರೆ ಅದರ ಗ್ಯಾಸ್‌ಗೂ ಹೊತ್ತಿಕೊಳ್ಳಬಹುದು. ಕೈಯಲ್ಲಿ ಕಡಗ, ಉಂಗುರ ಬೇಡ. ಆ ಫ್ಯೂಸಿನ ಲೈನಿನಲ್ಲಿರುವ ಎಲ್ಲ ಬಲ್ಬುಗಳನ್ನೂ ಕಳಚಿ, ಹಾರ್ನ್ ಮುಂತಾದವುಗಳ ಕಪ್ಲರ್ ಬಿಡಿಸಿ. ಇದನ್ನು ಬಿಟ್ಟರೆ ಪರೀಕ್ಷೆ ಹಾದಿ ತಪ್ಪಿಸುತ್ತದೆ, ಯಾಕೆಂದರೆ ಎರಡು ಹೆಡ್‌ಲೈಟ್ ಬಲ್ಬ್ ಲೈನಿನಲ್ಲಿ ಇದ್ದರೆ ಶಾರ್ಟ್ ಇಲ್ಲದಿದ್ದರೂ ನಮ್ಮ 21 ವಾಟ್‌ನ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಈಗ ಪರೀಕ್ಷೆಯ ಬಲ್ಬನ್ನು ಫ್ಯೂಸ್ ಮನೆಗೆ ಸಿಕ್ಕಿಸಿ, ಮೈನಸ್ ಹಾಕಿ, ಕೀ ಮತ್ತು ಆ ಲೈನಿನ ಸ್ವಿಚ್ ಆನ್ ಮಾಡಿ. ಬಲ್ಬ್ ಉರಿಯಲಿಲ್ಲವೆಂದರೆ ವೈರ್ ಚೆನ್ನಾಗಿದೆ, ಕಳಚಿಟ್ಟ ಸಾಮಾನುಗಳಲ್ಲೊಂದು ಕೆಟ್ಟಿದೆ. ಒಂದೊಂದೇ ಸೇರಿಸುತ್ತ ಬನ್ನಿ. ಒಳ್ಳೆಯ ಸಾಮಾನು ಸೇರಿದಾಗ ಅದೂ ಸ್ವಲ್ಪ ಕೆಲಸ ಮಾಡುತ್ತದೆ, ನಮ್ಮ ಬಲ್ಬೂ ಸ್ವಲ್ಪ ಉರಿಯುತ್ತದೆ. ಕೆಟ್ಟದ್ದು ಸೇರಿದ ಕೂಡಲೇ ನಮ್ಮ ಬಲ್ಬ್ ಝಗ್ಗನೆ ಪೂರ್ತಿ ಬೆಳಗುತ್ತದೆ, ಆ ಸಾಮಾನು ಮಾತ್ರ ಸತ್ತಂತೆ ಸುಮ್ಮನಿರುತ್ತದೆ.

ಎಲ್ಲ ಕಳಚಿದ್ದರೂ ಬಲ್ಬ್ ಪೂರ್ತಿ ಉರಿಯುತ್ತಿದ್ದರೆ ತಪ್ಪು ವೈರಿನಲ್ಲಿದೆ. ಆಗ ಉರಿಯುವ ಬಲ್ಬನ್ನು ಕಣ್ಣಿಗೆ ಕಾಣುವಂತೆ ಸ್ಟೀರಿಂಗ್‌ಗೆ ತೂಗುಹಾಕಿ, ಹಾರ್ನೆಸ್ಸನ್ನು ಫ್ಯೂಸ್ ಬಾಕ್ಸಿನ ಕಡೆಯಿಂದ ಒಂದೊಂದು ಗೇಣು ಹಿಡಿದು ನಿಧಾನಕ್ಕೆ ಅಲುಗಾಡಿಸುತ್ತ ಹೋಗಿ. ಬಲ್ಬ್ ಮಿಣುಕಿದ ಕಡೆ ಕೈ ನಿಲ್ಲಿಸಿ, ಹುಣ್ಣು ಅಲ್ಲೇ ಇದೆ. ಮಿಣುಕದಿದ್ದರೆ ನಡುವಿನ ಕಪ್ಲರ್ ಬಿಡಿಸಿ. ಬಲ್ಬ್ ಆರಿದರೆ ತಪ್ಪು ಆ ಕಪ್ಲರಿನ ಆಚೆ, ಆರದಿದ್ದರೆ ಈಚೆ. ಹೀಗೆ ಅರ್ಧರ್ಧ ಮಾಡುತ್ತ ಬಂದರೆ ನಾಲ್ಕೈದು ಸಲಕ್ಕೆ ಒಂದು ಮೊಳದ ವೈರಿಗೆ ಬಂದು ನಿಲ್ಲುತ್ತೀರಿ. ದುರಸ್ತಿ ಆದ ಮೇಲೆ ಕಂಪನಿ ಹೇಳಿದ ಅಳತೆಯ ಒಂದೇ ಒಂದು ಫ್ಯೂಸ್ ಸಾಕು.

ಮುನ್ನೂರು ರೂಪಾಯಿ ಆಸುಪಾಸಿನ ಮಲ್ಟಿಮೀಟರ್ ಈಗ ಬಹಳ ಜನರ ಕೈಯಲ್ಲಿದೆ, ಒಳ್ಳೆಯದೇ. ಆದರೆ ಅದರ ‘ಪೀಂ’ ಶಬ್ದವನ್ನು ನಂಬಿ ಶಾರ್ಟ್ ಎಂದು ತೀರ್ಮಾನಿಸಬೇಡಿ. 55 ವಾಟ್‌ನ ಬಲ್ಬ್ ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್ ಅರ್ಧ ಓಮ್ ಕೂಡ ಇರುವುದಿಲ್ಲ, ಉರಿದು ಬಿಸಿಯಾದ ಮೇಲೆ ಎರಡೂವರೆ ಓಮ್ ಮೀರುತ್ತದೆ. ಬಲ್ಬ್ ಕಳಚದೆ ಮೀಟರ್ ಹಿಡಿದರೆ ಸರಿ ಇರುವ ಲೈನಿನಲ್ಲೂ ಅದು ಕೂಗುತ್ತದೆ, ಹೊಸ ಹಾರ್ನೆಸ್ ಸುಮ್ಮನೆ ಬಲಿಯಾಗುತ್ತದೆ. ಮೀಟರಿನಿಂದ ನಿಜವಾಗಿ ತಿಳಿಯಬೇಕಾದದ್ದು ಚಾರ್ಜಿಂಗ್ ವೋಲ್ಟೇಜ್: ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ 12.6ರ ಹತ್ತಿರ, ಓಡುವಾಗ 13.8ರಿಂದ 14.4. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬಲ್ಬುಗಳು ಮೇಲಿಂದ ಮೇಲೆ ಹೋಗುವುದಕ್ಕೂ ಬ್ಯಾಟರಿ ನೀರು ಬೇಗ ಇಂಗುವುದಕ್ಕೂ ಅದೇ ಕಾರಣ. ಬಲ್ಬಿನ ಫಿಲಮೆಂಟ್ ತುಂಡಾಗುವ ಗಳಿಗೆಯಲ್ಲಿ ಒಳಗೆ ಕಿಡಿ ಹತ್ತಿ ಒಮ್ಮೊಮ್ಮೆ ಫ್ಯೂಸನ್ನೂ ಜೊತೆಗೆ ಒಯ್ಯುತ್ತದೆ. ಬಲ್ಬು, ಫ್ಯೂಸು ಒಟ್ಟಿಗೆ ಹೋಗಿದ್ದರೆ ಎರಡನ್ನೂ ಬದಲಿಸಿ ನೋಡಿ. ಮತ್ತೆ ಹೋಗದಿದ್ದರೆ ಹುಡುಕುವುದಕ್ಕೆ ಏನೂ ಇಲ್ಲ.

ವೈರ್ ಉಜ್ಜುವ ಜಾಗಗಳು ಹೆಚ್ಚೂಕಡಿಮೆ ಎಲ್ಲ ಗಾಡಿಯಲ್ಲೂ ಅವೇ. ಡ್ಯಾಶ್‌ಬೋರ್ಡ್ ಕೆಳಗೆ ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆ ರಬ್ಬರ್ ಬುಷ್ ಬಿದ್ದುಹೋಗಿರುತ್ತದೆ. ಅಲ್ಲಿ ವೈರ್ ಗಂಟನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಮೇಲಿನಿಂದ ನುಣುಪಾಗಿ ಕಂಡ ಟೇಪಿನ ಕೆಳಗಡೆ, ತಗಡಿನ ಅಂಚು ಒತ್ತಿದ ಗೆರೆಯಲ್ಲಿ, ಉಗುರಿನಷ್ಟು ಉದ್ದಕ್ಕೆ ತಾಮ್ರ ಹೊಳೆಯುತ್ತಿರುತ್ತದೆ. ಬಾನೆಟ್ ಎತ್ತಿ ಇಳಿಸುವಾಗ ಹೆಡ್‌ಲೈಟ್ ವೈರ್ ಕೀಲಿನ ಸಂದಿಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಸೈಲೆನ್ಸರ್ ಪಕ್ಕ ಹೊದಿಕೆ ಕರಗುತ್ತದೆ. ಹಿಂದಿನ ಮಡ್‌ಗಾರ್ಡಿನೊಳಗೆ ಟೈರು ಎಸೆಯುವ ಕೆಸರು ವೈರನ್ನು ಕ್ಲಿಪ್ಪಿನಿಂದ ಎಳೆದುಹಾಕುತ್ತದೆ. ಕಣಿಕೆ ಬಣವೆಯ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿಯ ಕೆಲಸವೂ ಇರುತ್ತದೆ. ಬ್ಯಾಟರಿ ಪೆಟ್ಟಿಗೆ, ಏರ್ ಕ್ಲೀನರ್ ಪಕ್ಕ ಹುಲ್ಲಿನ ಎಸಳು, ಹಿಕ್ಕೆ ಕಂಡರೆ ಅಲ್ಲಿಂದಲೇ ಶುರುಮಾಡಿ.

ದ್ರಾಕ್ಷಿ ಮತ್ತು ಅಡಿಕೆಯವರಿಗೆ ಇನ್ನೊಂದು ಮಾತು. ಶೇ 1ರ ಬೋರ್ಡೊ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಬ್ಲೋವರ್ ಎಬ್ಬಿಸುವ ಮಂಜು ಬಳ್ಳಿಯ ಮೇಲಷ್ಟೇ ಕೂರುವುದಿಲ್ಲ. ಫ್ಯೂಸ್ ಬಾಕ್ಸು, ಹಿಂದಿನ ಲೈಟು, ಟ್ರೇಲರ್ ಸಾಕೆಟ್ಟಿನ ಮೇಲೂ ಕೂರುತ್ತದೆ. ಒಣಗಿದಾಗ ನೀಲಿ–ಬಿಳಿ ಪುಡಿ, ಇಬ್ಬನಿ ಬಿದ್ದಾಗ ಕರೆಂಟ್ ಹಾಯುವ ಪದರ. ಅದು ಟರ್ಮಿನಲ್ಲುಗಳನ್ನು ತಿಂದು, ಹಿಡಿತ ಸಡಿಲ ಮಾಡಿ, ಕಾಯುವಂತೆ ಮಾಡುತ್ತದೆ. ಔಷಧಿ ಹೊಡೆದ ದಿನವೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಜೋರಾಗಿ ಪೈಪ್ ಹಿಡಿದು ತೊಳೆದರೆ ನೀರಿನ ಜೊತೆ ಅದೇ ಪುಡಿ ಕಪ್ಲರಿನೊಳಗೆ ಇಳಿಯುತ್ತದೆ. ಫ್ಯೂಸ್ ಬಾಕ್ಸಿಗೆ ಮುಚ್ಚಳ ಇರಲೇಬೇಕು. ಕಳೆದಿದ್ದರೆ ಸದ್ಯಕ್ಕೆ ದಪ್ಪ ರಬ್ಬರ್ ಟ್ಯೂಬಿನ ತುಂಡಾದರೂ ಕಟ್ಟಿ.

ಟ್ರೇಲರಿನ ಏಳು ಪಿನ್ ಪ್ಲಗ್ಗನ್ನು ಕಳಚಿದ ಮೇಲೆ ನೆಲದಲ್ಲಿ ಎಳೆದಾಡಲು ಬಿಡುವುದು ಫ್ಯೂಸ್ ಸುಡಲು ದೊಡ್ಡ ಕಾರಣ. ಒಳಗಿನ ಸ್ಕ್ರೂ ಸಡಿಲಾಗಿ ಒಂದು ಎಳೆ ಪಕ್ಕದ ಪಿನ್ನಿಗೆ ತಾಗಿದರೂ ಸಾಕು. ಇನ್ನೊಂದು ಕಣ್ಣಿಗೆ ಬೀಳದ ತಪ್ಪು ಬಲ್ಬಿನದು. ಟೇಲ್ ಮತ್ತು ಬ್ರೇಕ್ ಎರಡೂ ಇರುವ ಹೋಲ್ಡರಿಗೆ 21/5 ವಾಟ್‌ನ ಎರಡು ಕಾಂಟ್ಯಾಕ್ಟಿನ ಬಲ್ಬ್ ಬೇಕು. ಅದು ಸಿಗದೆ ಒಂದೇ ಕಾಂಟ್ಯಾಕ್ಟಿನ ಬಲ್ಬನ್ನು ಒತ್ತಿ ಕೂರಿಸಿದರೆ ಅದರ ಬುಡ ಎರಡೂ ಲೈನನ್ನು ಸೇರಿಸಿಬಿಡುತ್ತದೆ. ಲೈಟ್ ಹಾಕಿದಾಗ ಟೇಲ್ ಲ್ಯಾಂಪಿನ ಕರೆಂಟ್ ಬ್ರೇಕ್ ಬಲ್ಬುಗಳಿಗೂ ಹರಿಯುತ್ತದೆ. ಟ್ರ್ಯಾಕ್ಟರಿನ ಎರಡು, ಟ್ರೇಲರಿನ ಎರಡು, ನಾಲ್ಕು ಬಲ್ಬಿಗೆ 84 ವಾಟ್, ಅಂದರೆ 7 ಆಂಪಿಯರ್ ಹೆಚ್ಚುವರಿ. ಟೇಲ್ ಲೈನಿನ 5 ಆಂಪಿಯರ್ ಫ್ಯೂಸ್ ಹೇಗೆ ನಿಂತೀತು? ಟ್ರೇಲರಿಗೆ ಅರ್ಥ್ ಕೊಂಡಿಯ ಪಿನ್ನಿನ ಮೂಲಕ ಬರಲಿ ಎಂದು ಬಿಡಬೇಡಿ, ಪ್ಲಗ್ಗಿನಲ್ಲಿ 31 ಎಂದು ಗುರುತಿಸಿದ ಅರ್ಥ್ ಪಿನ್ನಿಗೆ 2.5 ಚದರ ಮಿ.ಮೀ. ವೈರ್ ಹಾಕಿ ಟ್ರೇಲರ್ ಚಾಸಿಗೆ ಬಿಗಿಯಿರಿ.

ಕೀ ತಿರುಗಿಸಿ ಎಂಜಿನ್ ನಿಲ್ಲಿಸುವ ಗಾಡಿಗಳಲ್ಲಿ ಡೀಸೆಲ್ ಪಂಪಿನ ಪಕ್ಕದ ಸ್ಟಾಪ್ ಸೋಲೆನಾಯ್ಡನ್ನು ಮರೆಯಬಾರದು. ಇಂಥ ಬಹಳಷ್ಟು ಸೋಲೆನಾಯ್ಡುಗಳ ಒಳಗೆ ಎರಡು ಸುತ್ತು ತಂತಿ ಇರುತ್ತದೆ. ಒಂದು ಕಡ್ಡಿಯನ್ನು ಎಳೆದುಕೊಳ್ಳಲು, ಇನ್ನೊಂದು ಎಳೆದದ್ದನ್ನು ಹಿಡಿದಿರಲು. ಎಳೆಯುವ ಸುತ್ತು ಅರ್ಧ–ಒಂದು ಸೆಕೆಂಡಿನ ಮಟ್ಟಿಗೆ 30–40 ಆಂಪಿಯರ್ ಕುಡಿಯುತ್ತದೆ, ಹಿಡಿಯುವುದಕ್ಕೆ 1 ಆಂಪಿಯರ್ ಆಸುಪಾಸು ಸಾಕು. ಕಡ್ಡಿ ಪೂರ್ತಿ ಒಳಗೆ ಹೋಗಿ ಕೂತಾಗ ಮಾತ್ರ ಎಳೆಯುವ ಸುತ್ತಿನ ಕರೆಂಟ್ ಕಡಿಯುತ್ತದೆ. ಲಿವರ್ ಮೇಲೆ ಕೆಸರು ಒಣಗಿ, ತುಕ್ಕು ಹಿಡಿದು ಕಡ್ಡಿ ಎರಡು–ಮೂರು ಮಿ.ಮೀ. ಹಿಂದೆಯೇ ನಿಂತರೆ ಆ ದೊಡ್ಡ ಕರೆಂಟ್ ಹರಿಯುತ್ತಲೇ ಇರುತ್ತದೆ. ಫ್ಯೂಸ್ ಕೆಲವು ಸೆಕೆಂಡಿಗೆ ಹೋಗುತ್ತದೆ. ದೊಡ್ಡ ಫ್ಯೂಸ್ ಹಾಕಿದರೆ ಸೋಲೆನಾಯ್ಡೇ ಸುಡುತ್ತದೆ. ಪರೀಕ್ಷೆ ಸುಲಭ: ಅದರ ಕಪ್ಲರ್ ಬಿಡಿಸಿ ಕೀ ಆನ್ ಮಾಡಿ. ಫ್ಯೂಸ್ ನಿಂತರೆ ಕೀ ಆಫ್ ಮಾಡಿ ಕಡ್ಡಿಯನ್ನು ಕೈಯಿಂದ ಒತ್ತಿ ನೋಡಿ. ಕೊನೆಯವರೆಗೆ ನಯವಾಗಿ ಹೋಗಬೇಕು, ಬಿಟ್ಟರೆ ಸ್ಪ್ರಿಂಗ್ ಬಲದಿಂದ ಮರಳಬೇಕು. ಲಿವರ್ ತೊಳೆದು, ಎಣ್ಣೆ ಬಿಟ್ಟು, ಕೊಂಡಿಯ ಉದ್ದ ಸರಿಪಡಿಸಿದರೆ ಹೊಸ ಸೋಲೆನಾಯ್ಡಿನ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಮೇನ್ ಫ್ಯೂಸೇ ಹೋಗುತ್ತಿದ್ದರೆ ಎರಡು ಕಡೆ ನೋಡಿ. ಬ್ಯಾಟರಿಯನ್ನು ಉಲ್ಟಾ ಜೋಡಿಸಿದ್ದು ಅಥವಾ ಚಾರ್ಜರ್ ಕ್ಲಿಪ್ ಅದಲುಬದಲಾದದ್ದು ಮೊದಲನೆಯದು. ಅದರಿಂದ ಆಲ್ಟರ್ನೇಟರಿನ ಡಯೋಡ್ ಸುಟ್ಟು ಶಾರ್ಟ್ ಆಗಿ ನಿಲ್ಲುವುದು ಎರಡನೆಯದು. ಆಲ್ಟರ್ನೇಟರಿನ ದಪ್ಪ ವೈರನ್ನು ಮೈನಸ್ ತೆಗೆದ ಮೇಲೆ ಬಿಚ್ಚಿ, ತುದಿಗೆ ರಬ್ಬರ್ ಸುತ್ತಿ, ಆಮೇಲೆ ಫ್ಯೂಸ್ ಹಾಕಿ ಮೈನಸ್ ಜೋಡಿಸಿ. ಫ್ಯೂಸ್ ಸುಡದೆ ನಿಂತರೆ ತಪ್ಪು ಆಲ್ಟರ್ನೇಟರಿನದ್ದೇ.

‘ಅರ್ಥ್ ಲೂಸಾಗಿದ್ದಕ್ಕೆ ಫ್ಯೂಸ್ ಹೋಗುತ್ತದೆ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಬಲ್ಬಿನ ಅರ್ಥ್ ಲೂಸಾದರೆ ಕರೆಂಟ್ ಕಡಿಮೆಯಾಗುತ್ತದೆ. ಬೆಳಕು ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಟೇಲ್ ಮಿಣುಕುತ್ತದೆ, ಫ್ಯೂಸ್ ಹೋಗುವುದಿಲ್ಲ. ನಿಜವಾದ ಅಪಾಯ ಎಂಜಿನ್ನಿಗೂ ಬ್ಯಾಟರಿ ಮೈನಸಿಗೂ ನಡುವಿನ ದಪ್ಪ ಪಟ್ಟಿ ಸಡಿಲಾದಾಗ. ಸೆಲ್ಫ್ ಹೊಡೆದಾಗ ಆ ದೊಡ್ಡ ಕರೆಂಟ್ ಸಣ್ಣ ಅರ್ಥ್ ವೈರುಗಳಲ್ಲಿ, ಥ್ರಾಟಲ್ ಕೇಬಲ್ಲಿನಲ್ಲಿ ದಾರಿ ಹುಡುಕುತ್ತದೆ. ಆ ದಾರಿಯಲ್ಲಿ ಫ್ಯೂಸೇ ಇರುವುದಿಲ್ಲ. ವರ್ಷಕ್ಕೊಮ್ಮೆ ಈ ಪಟ್ಟಿ ಬಿಚ್ಚಿ, ಬಣ್ಣ, ತುಕ್ಕು ಉಜ್ಜಿ ತೆಗೆದು ಬಿಗಿಯಬೇಕು.

ಗಾಯ ಸಿಕ್ಕ ಮೇಲೆ ಎರಡು ತುದಿ ತಿರುವಿ ಕಪ್ಪು ಟೇಪ್ ಸುತ್ತುವುದು ದುರಸ್ತಿಯಲ್ಲ. ಎಂಜಿನ್ ಶಾಖಕ್ಕೂ ಡೀಸೆಲ್ ಹನಿಗೂ ಆ ಟೇಪಿನ ಅಂಟು ಒಂದು ಹಂಗಾಮಿಗೆ ಬಿಡುತ್ತದೆ. ಅದೇ ದಪ್ಪದ ವೈರ್ ತುಂಡು ಸೇರಿಸಿ ಬೆಸುಗೆ ಹಾಕಿ ಅಥವಾ ಸರಿಯಾದ ಅಳತೆಯ ಸ್ಲೀವ್ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಸುರುಳಿ ಪೈಪಿನೊಳಗೆ ಹಾಕಿ ಗೇಣಿಗೊಂದು ಕೇಬಲ್ ಟೈ ಕಟ್ಟಿ. ಕೀಲು, ಸ್ಟೀರಿಂಗ್ ಹತ್ತಿರ ನಾಲ್ಕು ಬೆರಳು ಸಡಿಲ ಬಿಡಿ. ತಗಡಿನ ತೂತಿಗೆ ಹೊಸ ರಬ್ಬರ್ ಬುಷ್ ಹಾಕದೆ ಕೆಲಸ ಮುಗಿಸಬೇಡಿ, ಉಜ್ಜಿದ ಕಾರಣ ಹಾಗೇ ಉಳಿದರೆ ಅದೇ ಜಾಗದಲ್ಲಿ ಅದೇ ಗಾಯ ಮತ್ತೆ ಬರುತ್ತದೆ. ಫ್ಯೂಸ್ ಕೂಡ ಹೆಸರಿರುವ ಕಂಪನಿಯದ್ದೇ ಕೊಳ್ಳಿ. ಮೇಲೆ 10 ಎಂದು ಬರೆದು ಒಳಗೆ ದಪ್ಪ ಪಟ್ಟಿ ಇಟ್ಟ ಸಡಿಲು ಮಾಲು, ಹೋಗಬೇಕಾದಾಗ ಹೋಗುವುದಿಲ್ಲ.

ರೈತರು ಇಷ್ಟು ಮಾಡಬಹುದು. ಮಾರುವವರು ಮತ್ತು ಇಲಾಖೆಯವರು ಮಾಡಬೇಕಾದದ್ದೂ ಇದೆ. ಸಹಾಯಧನದಲ್ಲಿ ಕೊಡುವ ಟ್ರ್ಯಾಕ್ಟರಿನ ಜೊತೆ ವೈರಿಂಗ್ ನಕ್ಷೆ ಕನ್ನಡದಲ್ಲಿ ಬರಬೇಕು. ಯಾವ ಫ್ಯೂಸ್ ಯಾವ ಲೈನಿಗೆ, ಎಷ್ಟು ಆಂಪಿಯರ್ ಎಂಬುದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಗೆ ಅಳಿಸದಂತೆ ಕನ್ನಡದಲ್ಲೇ ಅಚ್ಚಾಗಿರಬೇಕು. ಗಾಡಿ ಕೈಗೊಪ್ಪಿಸುವ ದಿನ ಪ್ರತಿ ಅಳತೆಯ ಎರಡೆರಡು ಫ್ಯೂಸ್, ತೆಗೆಯುವ ಚಿಮಟ ಟೂಲ್ ಬಾಕ್ಸಿನಲ್ಲಿ ಇರಬೇಕು. ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ಹೋಗಿ ಬರುವ ಟ್ರ್ಯಾಕ್ಟರುಗಳ ಫ್ಯೂಸ್ ಬಾಕ್ಸನ್ನು ಪ್ರತಿ ಸಲ ತೆರೆದು ನೋಡುವ ಪದ್ಧತಿ ಬರಲಿ. ಒಬ್ಬ ಬಾಡಿಗೆದಾರ ಸುತ್ತಿದ ತಾಮ್ರದ ಎಳೆ ಮುಂದಿನವನ ಹೊಲದಲ್ಲಿ ಬೆಂಕಿಯಾಗಬಾರದು. ಐಟಿಐಗಳ ಟ್ರ್ಯಾಕ್ಟರ್ ಮೆಕ್ಯಾನಿಕ್ ತರಗತಿ ಮತ್ತು ಕೃಷಿ ವಿಜ್ಞಾನ ಕೇಂದ್ರಗಳ ತರಬೇತಿಯಲ್ಲಿ ಈ 21 ವಾಟ್ ಬಲ್ಬಿನ ಪರೀಕ್ಷೆಯನ್ನು ರೈತರ ಕೈಯಿಂದಲೇ ಮಾಡಿಸಬೇಕು. ಅದಕ್ಕೆ ಬೇಕಾದದ್ದು ಒಂದು ಹಳೆಯ ಹಾರ್ನೆಸ್, ಒಂದು ಬ್ಯಾಟರಿ. ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಫ್ಯೂಸ್ ಬಣ್ಣಗಳ ಪಟ್ಟಿಯನ್ನೂ ರಿಲೇ ಜೋಡಣೆಯ ಚಿತ್ರವನ್ನೂ ಕತ್ತರಿಸಿ ಇಟ್ಟುಕೊಳ್ಳುವಂತೆ ಒಮ್ಮೆ ಅಚ್ಚು ಹಾಕಿದರೆ ಶೆಡ್ಡಿನ ಗೋಡೆಗೆ ಅಂಟಿಸಲು ರೈತರಿಗೆ ಅನುಕೂಲವಾಗುತ್ತದೆ.

ಇಂತಿ,
ಟ್ರ್ಯಾಕ್ಟರ್ ವೈರಿಂಗ್ ಕೆಲಸದವರು
ವಿಜಯಪುರ